ಕಾರಿಗೆ ಉಕ್ಕು, ವಿಮಾನಕ್ಕೆ ಅಲ್ಯುಮಿನಿಯಂ

ಚನ್ನಗಿರಿ ತಾಲ್ಲೂಕಿನ ನಲ್ಲೂರು ಅಡಿಕೆ ಸೀಮೆಯ ಊರು. ನೆರೆಯ ತಾಲ್ಲೂಕು ಭದ್ರಾವತಿ. ಅಲ್ಲಿ 1923ರಲ್ಲಿ ಕಬ್ಬಿಣ, 1936ರಲ್ಲಿ ಉಕ್ಕು ತಯಾರಾಗತೊಡಗಿತು. ಅದೇ ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಉಕ್ಕು ಮನೆಯಂಗಳದಲ್ಲೇ ಇತ್ತು. ಆದರೂ 1941ರ ಆಗಸ್ಟ್‌ನಲ್ಲಿ ಅಲ್ಲಿಂದ ಹಾರಿದ ಮೊದಲ ವಿಮಾನ, ಅಮೆರಿಕದ ವಿನ್ಯಾಸದ ಹಾರ್ಲೊ, ಅಲ್ಯುಮಿನಿಯಂ ಮೈಯದು. ಭದ್ರಾವತಿಯ ಲೋಹ ವಿಮಾನಕ್ಕೇಕೆ ಒಗ್ಗಲಿಲ್ಲ?

ಅಲ್ಯುಮಿನಿಯಂ ಹಗುರ, ಅದಕ್ಕೇ ಎಂಬುದು ಅರ್ಧ ಉತ್ತರ. ಉಕ್ಕು ನೀರಿಗಿಂತ ಸುಮಾರು 7.8 ಪಟ್ಟು ಭಾರ, ಅಲ್ಯುಮಿನಿಯಂ 2.7 ಪಟ್ಟು. ಆದರೆ ಅಲ್ಯುಮಿನಿಯಂನ ಬಿಗುವೂ ಉಕ್ಕಿನ ಮೂರನೆಯ ಒಂದು ಪಾಲು ಮಾತ್ರ. ಒಂದೇ ತೂಕದ, ಒಂದೇ ಉದ್ದದ ಎರಡು ಸರಳುಗಳನ್ನು ಹಿಡಿದೆಳೆದರೆ ಎರಡೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗುತ್ತವೆ. ಹಾಗಾದರೆ ಲಾಭವೇನು ಬಂತು?

ಲಾಭವಿರುವುದು ದಪ್ಪದಲ್ಲಿ. ಸುದ್ದಿಪತ್ರಿಕೆಯ ಹಾಳೆಯ ಒಂದು ಅಂಚು ಹಿಡಿದರೆ ಅದು ಜೋತುಬೀಳುತ್ತದೆ, ಪೋಸ್ಟ್‌ಕಾರ್ಡು ನೆಟ್ಟಗೆ ನಿಲ್ಲುತ್ತದೆ. ತಗಡಿನ ದಪ್ಪ ಮೂರು ಪಟ್ಟಾದರೆ ಅದು ಬಾಗದೆ ನಿಲ್ಲುವ ಗುಣ ಇಪ್ಪತ್ತೇಳು ಪಟ್ಟಾಗುತ್ತದೆ. ಒಂದೇ ತೂಕಕ್ಕೆ ಅಲ್ಯುಮಿನಿಯಂ ತಗಡು ಉಕ್ಕಿನ ಸುಮಾರು ಮೂರರಷ್ಟು ದಪ್ಪ ಬರುತ್ತದೆ. ಅದರ ಮೆದುತನಕ್ಕೆಂದು ಮೂರರಿಂದ ಭಾಗಿಸಿದರೂ ಒಂಬತ್ತು ಪಟ್ಟು ಉಳಿಯಿತು. ಅದೇ ತೂಕದ ಉಕ್ಕಿನಲ್ಲಿ ರೆಕ್ಕೆಯ ಹೊದಿಕೆ ಮಾಡಿದರೆ ಅದು ಹಾರಾಟದ ಒತ್ತಡಕ್ಕೆ ಸುಕ್ಕುಗಟ್ಟೀತು.

ಶುದ್ಧ ಅಲ್ಯುಮಿನಿಯಂ ಪಾತ್ರೆಗೆ ಸರಿ, ರೆಕ್ಕೆಗೆ ಸಾಲದು. 1906ರ ಸುಮಾರಿನಲ್ಲಿ ಜರ್ಮನಿಯ ಆಲ್‌ಫ್ರೆಡ್ ವಿಲ್ಮ್ ಅದಕ್ಕೆ ನೂರಕ್ಕೆ ನಾಲ್ಕರಷ್ಟು ತಾಮ್ರ, ಚೂರು ಮೆಗ್ನೀಸಿಯಂ ಬೆರೆಸಿ, ಕಾಯಿಸಿ, ತಣಿಸಿ, ಸುಮ್ಮನೆ ಬಿಟ್ಟರು. ಕೆಲ ದಿನಗಳಲ್ಲಿ ಲೋಹ ತಾನಾಗಿ ಗಟ್ಟಿಯಾಗಿತ್ತು! ಒಳಗೆ ತಾಮ್ರದ ಕಣಗಳು ಗುಂಪುಗೂಡಿ, ಲೋಹದ ಪದರಗಳು ಜಾರದಂತೆ ತಡೆದಿದ್ದವು. ಇದೇ ಡ್ಯೂರಾಲುಮಿನ್. ಇದನ್ನು ಬೆಸೆದರೆ ಕಾವಿಗೆ ಬಲ ಕುಗ್ಗುತ್ತದೆ. ಹಾಗಾಗಿಯೇ ವಿಮಾನದ ಮೈತುಂಬ ರಿವೆಟ್‌ಗಳ ಸಾಲು.

ತೂಕದ ಬೆಲೆ ಎಷ್ಟೆಂದು ನಲ್ಲೂರಿನ ಅಡಿಕೆ ಕೊಯ್ಯುವವರಿಗೆ ಹೇಳಿಕೊಡಬೇಕಿಲ್ಲ. ನೆಲದ ಮೇಲೆ ಒಂದು ಕಿಲೋ ಏನೇನೂ ಅಲ್ಲ; ಉದ್ದನೆಯ ದೋಟಿಯ ತುದಿಯಲ್ಲಿ ಅದೇ ಕಿಲೋ ತೋಳು ಮುರಿಯುತ್ತದೆ. ಬಿದಿರಿನ ದೋಟಿ ಬಿಟ್ಟು ದುಬಾರಿ ಕಾರ್ಬನ್ ಫೈಬರ್ ದೋಟಿ ಕೊಳ್ಳುವುದು ಅದಕ್ಕೇ. ವಿಮಾನದ್ದೂ ಇದೇ ಲೆಕ್ಕ. ತೂಕ ಹೆಚ್ಚಿದರೆ ದೊಡ್ಡ ರೆಕ್ಕೆ ಬೇಕು, ದೊಡ್ಡ ಎಂಜಿನ್ ಬೇಕು, ಹೆಚ್ಚು ಇಂಧನ ಬೇಕು. ಆ ಇಂಧನವೂ ಮತ್ತೆ ತೂಕವೇ. 2001ರ ಜನವರಿಯಲ್ಲಿ ಬೆಂಗಳೂರಿನಿಂದ ಮೊದಲು ಹಾರಿದ ತೇಜಸ್‌ನ ಒಡಲಿನಲ್ಲಂತೂ ಅಲ್ಯುಮಿನಿಯಂ ಕೂಡ ಹಿಂದೆ ಸರಿದು, ತೂಕದ ನೂರಕ್ಕೆ ಸುಮಾರು 45 ಭಾಗ ಕಾರ್ಬನ್ ಫೈಬರ್‌ನಂಥ ಸಂಯುಕ್ತ ವಸ್ತುವಿಗೇ ಹೋಗಿದೆ. ಹಾಗೆಂದು ಉಕ್ಕು ಪೂರ್ತಿ ಹೊರಗಿಲ್ಲ. ನೆಲಕ್ಕಿಳಿಯುವ ಪೆಟ್ಟು ತಾಳುವ ವಿಮಾನದ ಕಾಲುಗಳಿಗೆ ಈಗಲೂ ಅದು ಬೇಕು.

ಕಾರಿನ ಭಾರವನ್ನಾದರೋ ರಸ್ತೆ ಹೊರುತ್ತದೆ. ಅಲ್ಲಿ ಮೇಲುಗೈ ಬೆಲೆಯದು. ಒಂದು ಕಿಲೋ ಅಲ್ಯುಮಿನಿಯಂ ತೆಗೆಯಲು ಸುಮಾರು 14 ಯೂನಿಟ್ ವಿದ್ಯುತ್ತು ಬೇಕು. ಉಕ್ಕು ಅದಕ್ಕಿಂತ ಎಷ್ಟೋ ಅಗ್ಗ. ಅದರ ತಗಡನ್ನು ಅಚ್ಚಿಗೊತ್ತಿದರೆ ಬಾಗಿಲು ತಯಾರು, ಬೆಸುಗೆ ಸಲೀಸು. ತಗ್ಗಾದರೆ ಚನ್ನಗಿರಿಯ ಗ್ಯಾರೇಜಿನಲ್ಲೇ ಬಡಿದು ಸರಿಮಾಡಬಹುದು.

ಅಂದರೆ ಭದ್ರಾವತಿಯ ಉಕ್ಕಿಗೆ ಸಹಜ ಜೋಡಿ ಕಾರು. ಇದು ವಿಶ್ವೇಶ್ವರಯ್ಯನವರಿಗೆ ಹೊಳೆಯದ ವಿಷಯವಲ್ಲ. 1930ರ ದಶಕದ ನಡುವಿನಲ್ಲೇ ಅವರು ಕಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದ್ದರು, ವಾಲ್‌ಚಂದ್ ಜೊತೆಗಿದ್ದರು, ಮೈಸೂರು ಸರ್ಕಾರಕ್ಕೂ ಮನಸ್ಸಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಯುದ್ಧ ಬಂದಾಗ ವಿಮಾನಕ್ಕೆ ಮಾತ್ರ ಅಸ್ತು ಎಂದಿತು. ವಾಲ್‌ಚಂದರ ಕಾರು ಕಾರ್ಖಾನೆ, ಪ್ರೀಮಿಯರ್, ಕೊನೆಗೆ ಮುಂಬಯಿಯ ಪಾಲಾಯಿತು.

1980ರ ದಶಕದಲ್ಲಿ ಬೆಂಗಳೂರಿನ ಸಿಪಾನಿ ಕಂಪನಿ ಡಾಲ್ಫಿನ್ ಎಂಬ ಪುಟ್ಟ ಕಾರು ತಯಾರಿಸಿತು. ಉಕ್ಕಿನ ತಗಡು ಅಚ್ಚೊತ್ತುವ ಭಾರಿ ಯಂತ್ರಗಳ ವೆಚ್ಚ ಸಾವಿರಾರು ಕಾರು ಮಾರಿದರಷ್ಟೇ ಹುಟ್ಟುತ್ತದೆ. ಸಣ್ಣ ಕಂಪನಿಗೆ ಅದು ನಿಲುಕುವಂಥದಲ್ಲ. ಡಾಲ್ಫಿನ್ನಿನ ಮೈ ಫೈಬರ್‌ಗ್ಲಾಸಿನದಾಗಿತ್ತು.