ಸಂತ ಅನ್ನಮ್ಮನವರ ಹಬ್ಬವೂ ನಮ್ಮ ಮನೆಯ ಊಟದ ತಟ್ಟೆಯೂ



ಜುಲೈ 26ರಂದು ಮಾತೆ ಮರಿಯಮ್ಮನವರ ತಂದೆತಾಯಿಯರಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಸ್ಮರಣೆಯನ್ನು ಧರ್ಮಸಭೆ ಆಚರಿಸುತ್ತದೆ. ಈ ಹಬ್ಬಕ್ಕೆ ಹತ್ತಿರವಾದ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ವೃದ್ಧರ ವಿಶ್ವದಿನವನ್ನಾಗಿ 2021ರಲ್ಲಿ ಪೋಪ್ ಫ್ರಾನ್ಸಿಸ್‌ರವರು ಸ್ಥಾಪಿಸಿದರು. ಅಂದು ಅನೇಕ ಧರ್ಮಕೇಂದ್ರಗಳಲ್ಲಿ ಹಿರಿಯರನ್ನು ಪೀಠದ ಮುಂದೆ ಕರೆದು ಆಶೀರ್ವದಿಸುತ್ತಾರೆ. ನಾನೂ ಕರೆಯುತ್ತೇನೆ. ಎಪ್ಪತ್ತು ದಾಟಿದವರು ಮುಂದೆ ಬನ್ನಿ ಎಂದರೆ ಕೆಲವರು ನೆಟ್ಟಗೆ ನಡೆದು ಬರುತ್ತಾರೆ, ಕೆಲವರು ಮೊಮ್ಮಕ್ಕಳ ಭುಜ ಹಿಡಿದು ಬರುತ್ತಾರೆ. ದೇವಾಲಯಕ್ಕೇ ಬರಲಾಗದವರು ಮನೆಯಲ್ಲಿ ಮಂಚದ ಮೇಲಿರುತ್ತಾರೆ.

ಆ ಮಂಚದ ಮೇಲಿರುವವರ ಬಗ್ಗೆಯೇ ಈ ಬರಹ. ಮೊದಲ ಶುಕ್ರವಾರ ಅಸ್ವಸ್ಥರ ಮನೆಗಳಿಗೆ ಪರಮಪ್ರಸಾದ ಒಯ್ಯುವ ಕೆಲಸ ನಾನು ಈ ಧರ್ಮಕೇಂದ್ರಕ್ಕೆ ಬಂದ ಹೊಸದರಲ್ಲಿ ಒಂದು ಬೆಳಗ್ಗೆಗೆ ಮುಗಿಯುತ್ತಿತ್ತು. ಈಗ ಎರಡು ದಿನ ಹಿಡಿಯುತ್ತದೆ. ಹಿರಿಯರು ಹೆಚ್ಚು ಕಾಲ ಬದುಕುತ್ತಿರುವುದೂ ಇದಕ್ಕೆ ಕಾರಣ, ಅದು ಸಂತೋಷದ ವಿಷಯವೇ. ಆದರೆ ಮಂಚ ಹಿಡಿದವರೆಲ್ಲ ಎಂಬತ್ತು ತೊಂಬತ್ತರವರಲ್ಲ. ಐವತ್ತೈದಕ್ಕೆ ಲಕ್ವ ಹೊಡೆದು ಬಲಗೈ ಬಿದ್ದವರಿದ್ದಾರೆ. ಅರವತ್ತಕ್ಕೆ ಸಕ್ಕರೆ ಕಾಯಿಲೆಯಿಂದ ಕಾಲಿನ ಬೆರಳು ಕಳೆದುಕೊಂಡವರಿದ್ದಾರೆ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರಿದ್ದಾರೆ.

"ಏನು ಮಾಡುವುದು ಸ್ವಾಮಿ, ದೇವರ ಚಿತ್ತ" ಎಂದು ಮನೆಯವರು ಹೇಳುತ್ತಾರೆ. ಕಷ್ಟವನ್ನು ತಾಳ್ಮೆಯಿಂದ ಹೊರುವ ಆ ವಿಶ್ವಾಸಕ್ಕೆ ನಾನು ತಲೆಬಾಗುತ್ತೇನೆ. ಆದರೂ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಪ್ಪತ್ತು ವರ್ಷ ನಮ್ಮ ಅಡುಗೆ ಮನೆಯಲ್ಲಿ ಬೆಳೆದು ಬಂದದ್ದನ್ನೆಲ್ಲ ದೇವರ ಚಿತ್ತವೆನ್ನುವುದು ಸರಿಯೆ? ಇನ್ನು ಕೆಲವರು ಇದಕ್ಕೆ ವಿರುದ್ಧವಾಗಿ, "ಬಾಯಿ ಕಟ್ಟಲಿಲ್ಲ, ಅನುಭವಿಸುತ್ತಿದ್ದಾನೆ" ಎನ್ನುತ್ತಾರೆ. ಇದು ಇನ್ನೂ ಕೆಟ್ಟ ಮಾತು. ಹುಟ್ಟುಕುರುಡನನ್ನು ಕಂಡು ಇವನು ಕುರುಡನಾಗಿ ಹುಟ್ಟಲು ಯಾರ ಪಾಪ ಕಾರಣವೆಂದು ಶಿಷ್ಯರು ಕೇಳಿದಾಗ, ಯೇಸುಸ್ವಾಮಿ ಅವನ ಮೇಲಾಗಲಿ ಅವನ ತಂದೆತಾಯಿಯರ ಮೇಲಾಗಲಿ ದೋಷ ಹೊರಿಸಲಿಲ್ಲ. ರೋಗಿಯ ಮೇಲೆ ತಪ್ಪು ಹೊರಿಸಲು ನಮಗೂ ಅಧಿಕಾರವಿಲ್ಲ. ಏಕೆಂದರೆ ಈ ರೋಗಗಳ ಕಥೆ ಒಬ್ಬನ ನಾಲಿಗೆಯಿಂದ ಆರಂಭವಾಗುವುದಿಲ್ಲ, ಅದಕ್ಕೂ ಬಹಳ ಹಿಂದೆ ಆರಂಭವಾಗಿರುತ್ತದೆ.

ಇದಕ್ಕೆ ಸಾಕ್ಷಿ ನಮ್ಮ ಮೈಸೂರಿನಲ್ಲೇ ಇದೆ. ಊರಿನ ಹಿರಿಯರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹೆರಿಗೆ ವಿಭಾಗದವರು 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಮುಂದೆ ಯಾರಿಗೆ ಉಪಯೋಗವಾಗುತ್ತದೆಂದು ಆ ದಾದಿಯರಿಗೆ ಗೊತ್ತಿರಲಾರದು, ಆದರೂ ಬರೆದರು. ದಶಕಗಳು ಕಳೆದ ಮೇಲೆ ಸಂಶೋಧಕರು ಆ ದಾಖಲೆಗಳನ್ನು ಹಿಡಿದು, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿ ಇನ್ನೂ ಆ ಸುತ್ತಿನಲ್ಲೇ ವಾಸವಾಗಿದ್ದ 517 ಮಂದಿಯನ್ನು ಪತ್ತೆಮಾಡಿ ಹೃದಯ ಪರೀಕ್ಷೆ ನಡೆಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕವಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು. ಸುಮಾರು ಮೂರು ಕಿಲೋ ದಾಟಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ತಾವೂ ಕಡಿಮೆ ತೂಕದಲ್ಲಿ ಹುಟ್ಟಿ, ಗರ್ಭಿಣಿಯಾಗಿದ್ದಾಗ ತಾಯಿಯೂ 45 ಕಿಲೋ ಮುಟ್ಟಿರದಿದ್ದವರಲ್ಲಿ ನೂರಕ್ಕೆ 20 ಮಂದಿಗೆ ಕಾಯಿಲೆಯಿತ್ತು.

ಈ ಅಂಕಿಗಳನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ತಾಯಿ ಹೊಟ್ಟೆ ತುಂಬ ಉಣ್ಣದಿದ್ದರೆ ಗರ್ಭದಲ್ಲಿರುವ ಕೂಸು ಇದ್ದುದರಲ್ಲೇ ಬದುಕಲು ಕಲಿಯುತ್ತದೆ. ಅಂಗಾಂಗಗಳು, ರಕ್ತನಾಳಗಳು, ಸ್ನಾಯುಗಳು ಆ ಕೊರತೆಗೆ ತಕ್ಕ ಹಾಗೆ ಬೆಳೆಯುತ್ತವೆ ಎಂಬುದು ಸಂಶೋಧಕರ ವಿವರಣೆ. ಕೊರತೆಗೆ ಒಗ್ಗಿದ ಆ ದೇಹಕ್ಕೆ ನಲವತ್ತರ ನಂತರ ಬಿಳಿ ಅನ್ನ, ಎಣ್ಣೆ, ಬೇಕರಿ ತಿಂಡಿ, ಕುರ್ಚಿಯ ಕೆಲಸ ಒಟ್ಟಿಗೆ ಬಂದರೆ ತಾಳಿಕೊಳ್ಳುವುದು ಕಷ್ಟ. ಅತಿಯಾದರೂ ಕೇಡೇ. ಅದೇ ಆಸ್ಪತ್ರೆಯಲ್ಲಿ 1997ರಲ್ಲಿ ಆರಂಭವಾದ ಇನ್ನೊಂದು ಅಧ್ಯಯನದಲ್ಲಿ, ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಬಂದ ತಾಯಂದಿರ ಮಕ್ಕಳು ಬೆಳೆಯುತ್ತಾ ಹೆಚ್ಚು ಕೊಬ್ಬು ಸೇರಿಸಿಕೊಂಡದ್ದು ಕಂಡುಬಂದಿತು.

ಅಂದರೆ ಎಪ್ಪತ್ತರ ಆರೋಗ್ಯಕ್ಕೆ ಅಡಿಪಾಯ ಬೀಳುವುದು ತಾಯಿಯ ಗರ್ಭದಲ್ಲಿ. ಸಂತ ಅನ್ನಮ್ಮನವರ ಚಿತ್ರದ ಮುಂದೆ ನಿಂತು ಮಕ್ಕಳ ಭಾಗ್ಯಕ್ಕಾಗಿ ಬೇಡುವ ನಾವು, ಮನೆಯ ಬಸುರಿ ಸೊಸೆ ಎಲ್ಲರಿಗೂ ಬಡಿಸಿ ಕೊನೆಗೆ ತಳದಲ್ಲಿ ಉಳಿದ ಸಾರನ್ನು ಉಣ್ಣುತ್ತಿದ್ದಾಳೆಯೇ ಎಂದು ನೋಡುತ್ತೇವೆಯೆ? ಅವಳ ತಟ್ಟೆಗೆ ಮೊದಲು ಬಡಿಸುವ ಅತ್ತೆ, ಅವಳ ರಕ್ತ ಮತ್ತು ಸಕ್ಕರೆ ಪರೀಕ್ಷೆಗೆ ಜೊತೆಯಲ್ಲಿ ಹೋಗುವ ಗಂಡ, ಇನ್ನೂ ಹುಟ್ಟದ ಒಬ್ಬರ ಮುಪ್ಪನ್ನು ಕಾಯುತ್ತಿರುತ್ತಾರೆ.

ಹಾಗಾದರೆ ಹುಟ್ಟುವಾಗಲೇ ಎಲ್ಲವೂ ತೀರ್ಮಾನವಾಯಿತೆ? ಇಲ್ಲ. ಮಧ್ಯವಯಸ್ಸಿನಲ್ಲಿ ನಾವು ಮಾಡುವುದಕ್ಕೆ ದೊಡ್ಡ ಪಾತ್ರವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ಭಾರತದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಈ ಹೊಸ್ತಿಲಲ್ಲಿರುವವರೇ ಮುಖ್ಯ. ಅವರಿಗೆ ನೋವಿಲ್ಲ, ಸುಸ್ತಿಲ್ಲ, ಏನೂ ಗೊತ್ತಾಗುವುದಿಲ್ಲ. ಆದರೆ ರಕ್ತದಲ್ಲಿ ಸಕ್ಕರೆಯೂ ರಕ್ತದ ಒತ್ತಡವೂ ವರ್ಷಗಟ್ಟಲೆ ಸದ್ದಿಲ್ಲದೆ ಏರಿಕೊಂಡಿದ್ದರೆ ಕಣ್ಣು, ಮೂತ್ರಪಿಂಡ, ಪಾದ, ಹೃದಯ, ಮಿದುಳುಗಳ ಸಣ್ಣ ದೊಡ್ಡ ರಕ್ತನಾಳಗಳು ಹಾಳಾಗುತ್ತಾ ಬರುತ್ತವೆ. ಅಂಥವರಲ್ಲಿ ಬದಲಾವಣೆ ಫಲಿಸುತ್ತದೆಯೆ ಎಂದು ಚೆನ್ನೈನ ವೈದ್ಯರು ಪರೀಕ್ಷಿಸಿ 2006ರಲ್ಲಿ ವರದಿ ಮಾಡಿದರು. ಸುಮಾರು ಮೂರು ವರ್ಷ ಊಟದಲ್ಲಿ ಹಿತಮಿತ, ದಿನವೂ ನಡಿಗೆ, ಇಷ್ಟೇ. ಅಪಾಯ ನೂರಕ್ಕೆ 28ರಷ್ಟು ತಗ್ಗಿತು. ಅಚ್ಚರಿಯೆಂದರೆ ಅವರ ತೂಕವೇನೂ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಇಂಥದೇ ಪರೀಕ್ಷೆಯಲ್ಲಿ ತೂಕವನ್ನೂ ಇಳಿಸಿ, ವಾರಕ್ಕೆ 150 ನಿಮಿಷ ನಡೆದವರಲ್ಲಿ ಅಪಾಯ ನೂರಕ್ಕೆ 58ರಷ್ಟು ಕಡಿಮೆಯಾಯಿತು. ಮಾತ್ರೆ ಕೊಟ್ಟವರಲ್ಲಿ 31ರಷ್ಟು ಮಾತ್ರ.

ಮಿದುಳಿನ ವಿಷಯ ಬಂದಾಗ ಧರ್ಮಭಗಿನಿಯರ ಒಂದು ದೊಡ್ಡ ದಾನವನ್ನು ನೆನೆಯಬೇಕು. ಅಮೆರಿಕದ ಸ್ಕೂಲ್ ಸಿಸ್ಟರ್ಸ್ ಆಫ್ ನೋತ್ರ ದಾಮ್ ಸಭೆಯ 678 ವೃದ್ಧ ಭಗಿನಿಯರು ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿಯ ಅಧ್ಯಯನಕ್ಕೆ ಸೇರಿ, ವರ್ಷವರ್ಷವೂ ನೆನಪಿನ ಪರೀಕ್ಷೆಗೆ ಕುಳಿತು, ಸತ್ತ ಮೇಲೆ ತಮ್ಮ ಮಿದುಳನ್ನೇ ಸಂಶೋಧನೆಗೆ ಬಿಟ್ಟುಕೊಟ್ಟರು. 1997ರಲ್ಲಿ ಪ್ರಕಟವಾದ ಅದರ ಒಂದು ವರದಿ ನಮಗೆಲ್ಲ ಮುಖ್ಯವಾದುದು. ಮರೆವಿನ ರೋಗದ ಗುರುತುಗಳು ಮಿದುಳಿನಲ್ಲಿ ತುಂಬಿದ್ದರೂ ಕೆಲವು ಭಗಿನಿಯರು ಕೊನೆಯವರೆಗೂ ಚುರುಕಾಗಿದ್ದರು. ಅದೇ ಗುರುತುಗಳ ಜೊತೆಗೆ ರಕ್ತನಾಳ ಕಟ್ಟಿಕೊಂಡು ಮಿದುಳಿನ ಸಣ್ಣ ಸಣ್ಣ ಭಾಗಗಳು ಸತ್ತಿದ್ದವರಲ್ಲಿ ಮಾತ್ರ ಅರಳುಮರಳು ಬಹಳ ಹೆಚ್ಚಾಗಿತ್ತು. ಮರೆವಿನ ರೋಗವನ್ನು ಪೂರ್ತಿ ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಬಿ.ಪಿ., ಸಕ್ಕರೆ, ಬೀಡಿ ಸಿಗರೇಟುಗಳನ್ನು ಹತೋಟಿಯಲ್ಲಿಟ್ಟರೆ ಆ ರಕ್ತನಾಳಗಳನ್ನಾದರೂ ಉಳಿಸಿಕೊಳ್ಳಬಹುದು.

ಇನ್ನು ತಟ್ಟೆಗೆ ಬರೋಣ. ವೈದ್ಯರು ಸಕ್ಕರೆ ಇದೆ ಎಂದ ದಿನದಿಂದ ನಮ್ಮ ಮನೆಗಳಲ್ಲಿ ಅಪ್ಪನಿಗೆ ಬೇರೆ ಅಡುಗೆ ಶುರುವಾಗುತ್ತದೆ. ಅವರಿಗೆ ಎರಡು ಒಣ ಚಪಾತಿ, ಉಳಿದವರಿಗೆ ತುಪ್ಪದನ್ನ, ಕೋಳಿ ಸಾರು, ಮೇಲೊಂದು ಸಿಹಿ. ಇದು ಹದಿನೈದು ದಿನಕ್ಕಿಂತ ಹೆಚ್ಚು ನಡೆದದ್ದನ್ನು ನಾನು ಕಂಡಿಲ್ಲ. ಹದಿನಾರನೇ ದಿನ ಅಪ್ಪ ಕದ್ದು ತಿನ್ನುತ್ತಾರೆ, ಅಮ್ಮ ಬೈಯುತ್ತಾರೆ, ಮಕ್ಕಳು ನಗುತ್ತಾರೆ. ಆ ನಗುವ ಮಕ್ಕಳೇ ಇಪ್ಪತ್ತು ವರ್ಷದ ಮೇಲೆ ಅದೇ ಜಾಗದಲ್ಲಿ ಕುಳಿತಿರುತ್ತಾರೆ. ಅಪ್ಪನಿಗೆ ಒಳ್ಳೆಯದಾದ ಊಟ ಮನೆಯವರೆಲ್ಲರಿಗೂ ಒಳ್ಳೆಯದೇ. ಅನ್ನ ಅರ್ಧ ಮಾಡಿ, ಆ ಜಾಗಕ್ಕೆ ಸೊಪ್ಪಿನ ಪಲ್ಯ, ಹುರುಳಿಕಾಳು, ಹೆಸರುಕಾಳು ಬರಲಿ. ಬಸ್ಸಾರು, ಉಪ್ಸಾರು ಮಾಡಿಕೊಂಡು ಬಂದ ಊರಿನವರಿಗೆ ಇದನ್ನು ಹೊಸದಾಗಿ ಕಲಿಸಬೇಕೆ? ರಾಗಿಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ರಾಗಿಯಲ್ಲಿ ನಾರಿದೆ, ಸುಣ್ಣದ ಅಂಶವಿದೆ, ನಿಜ. ಹಾಗೆಂದು ಎರಡು ದೊಡ್ಡ ಮುದ್ದೆ ನುಂಗಿದರೆ ಅದೂ ಸಕ್ಕರೆಯಾಗಿಯೇ ರಕ್ತಕ್ಕೆ ಸೇರುತ್ತದೆ. ನುಣ್ಣಗೆ ಕಾಯಿಸಿದ ಗಂಜಿ ಇನ್ನೂ ಬೇಗ ಸೇರುತ್ತದೆ. ಹೊಲದಲ್ಲಿ ದಿನವಿಡೀ ದುಡಿಯುತ್ತಿದ್ದ ತಾತನ ಮುದ್ದೆಯ ಅಳತೆ ಸ್ಕೂಟರಿನಲ್ಲಿ ಓಡಾಡುವ ಮೊಮ್ಮಗನಿಗೆ ಬೇಕಿಲ್ಲ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಸುಮಾರು ಒಂದು ಚಹಾ ಚಮಚ, ಉಪ್ಪಿನಕಾಯಿ, ಹಪ್ಪಳ, ಒಣಮೀನು, ಮಿಕ್ಸ್ಚರ್ ಎಲ್ಲವೂ ಸೇರಿ.

ಇದಕ್ಕೆ ತದ್ವಿರುದ್ಧವಾದ ಸಂಕಟವೊಂದಿದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂಟಿಯಾಗಿರುವ ಅಜ್ಜಿಯೊಬ್ಬರ ಮನೆಗೆ ಪರಮಪ್ರಸಾದ ಒಯ್ದಾಗ, "ಅಜ್ಜಿ, ಬೆಳಗ್ಗೆ ಏನು ತಿಂದಿರಿ?" ಎಂದು ಕೇಳಿದೆ. "ಕಾಫಿ ಬನ್ನು ಸ್ವಾಮಿ, ಒಬ್ಬಳಿಗೆ ಯಾಕೆ ಒಲೆ ಹಚ್ಚಲಿ" ಎಂದರು. ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿಯೂ ಅದೇ. ವಯಸ್ಸಾದಂತೆ ಸ್ನಾಯುಗಳು ತಾವಾಗಿಯೇ ಕರಗುತ್ತವೆ. ಕಾಳು, ಮೊಟ್ಟೆ, ಮೀನು, ಹಾಲು ಇಲ್ಲದಿದ್ದರೆ, ಜೊತೆಗೆ ಕೈಕಾಲಿಗೆ ಕೆಲಸವೂ ಇಲ್ಲದಿದ್ದರೆ ಇನ್ನೂ ಬೇಗ ಕರಗುತ್ತವೆ. ಆಮೇಲೆ ಒಂದು ದಿನ ಬಚ್ಚಲಲ್ಲಿ ಜಾರಿ ಬೀಳುತ್ತಾರೆ, ಸೊಂಟದ ಮೂಳೆ ಮುರಿಯುತ್ತದೆ. ಬಿದ್ದದ್ದು ಅಂದು, ಆದರೆ ಬೀಳುವ ಸಿದ್ಧತೆ ಆ ಕಾಫಿ ಬನ್ನಿನಿಂದಲೇ ನಡೆದಿತ್ತು. ಹಿರಿಯರನ್ನು "ನೀವು ಸುಮ್ಮನೆ ಕೂತಿರಿ" ಎಂದು ಕೂರಿಸುವುದು ಪ್ರೀತಿಯೆಂದು ನಾವು ತಿಳಿದಿದ್ದೇವೆ. ಕೈ ಆಸರೆಯಿಲ್ಲದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗಿಡಕ್ಕೆ ನೀರು ಹಾಕುವುದು, ದೇವಾಲಯಕ್ಕೆ ನಡೆದು ಬರುವುದು ಅವರಿಗೆ ಔಷಧವಿದ್ದಂತೆ. ಒಬ್ಬರೇ ಇರುವವರಿಗೆ ವಾರದಲ್ಲಿ ಎರಡು ದಿನ ಪಕ್ಕದ ಮನೆಯಿಂದ ಒಂದು ಬಟ್ಟಲು ಕಾಳಿನ ಸಾರು ಹೋದರೆ ಊಟದ ಜೊತೆ ನಾಲ್ಕು ಮಾತೂ ಹೋದಂತಾಗುತ್ತದೆ. ಜನಸಂಪರ್ಕವಿಲ್ಲದ ಒಂಟಿತನವೂ ಮರೆವಿನ ರೋಗದ ಅಪಾಯವನ್ನು ಹೆಚ್ಚಿಸುವ ಕಾರಣಗಳಲ್ಲೊಂದೆಂದು ವೈದ್ಯರು ಈಗ ಹೇಳುತ್ತಿದ್ದಾರೆ.

ಮದ್ಯದ ವಿಷಯದಲ್ಲಿ ನಮ್ಮ ಸಮುದಾಯ ಮುಜುಗರ ಪಡಬೇಕಾದದ್ದಿದೆ. ಜ್ಞಾನಸ್ನಾನಕ್ಕೂ ಬಾಟಲಿ, ಮಣ್ಣು ಮಾಡಿ ಬಂದಮೇಲೂ ಬಾಟಲಿ! ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ಕುಡಿಯುವಂತೆ ತಿಮೊಥೇಯನಿಗೆ ಸಂತ ಪೌಲರು ಹೇಳಲಿಲ್ಲವೆ ಎಂದು ಕೆಲವರು ನನಗೇ ಪಾಠ ಹೇಳುತ್ತಾರೆ. ಪೌಲರು ಹೇಳಿದ್ದು ಸ್ವಲ್ಪ, ಅದೂ ಕಾಯಿಲೆಯವನಿಗೆ. ಆರೋಗ್ಯಕ್ಕೆ ಅಪಾಯವಿಲ್ಲದ ಮದ್ಯದ ಪ್ರಮಾಣವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಜ್ಜಿಯರ ಎಲೆಯಡಿಕೆ ಹೊಗೆಸೊಪ್ಪಿಗೂ ಇದೇ ಮಾತು. ಹೊಗೆಸೊಪ್ಪಿಲ್ಲದಿದ್ದರೂ ಬರೀ ಅಡಿಕೆಯೇ ಬಾಯಿಯ ಕ್ಯಾನ್ಸರಿಗೆ ಕಾರಣವಾಗಬಲ್ಲದು.

ಉಪವಾಸದ ಬಗ್ಗೆಯೂ ಹೇಳಿಬಿಡುತ್ತೇನೆ. ಶುಭ ಶುಕ್ರವಾರ ಸಕ್ಕರೆ ಮಾತ್ರೆ ನುಂಗಿ, ಏನೂ ತಿನ್ನದೆ, ಶಿಲುಬೆ ಹಾದಿಯ ನಡುವೆ ತಲೆಸುತ್ತಿ ಬಿದ್ದವರನ್ನು ಎತ್ತಿ ಕೂರಿಸಿದ್ದೇವೆ. ಧರ್ಮಸಭೆಯ ಕಾನೂನಿನಂತೆ 59 ವರ್ಷ ತುಂಬಿ ಅರವತ್ತಕ್ಕೆ ಕಾಲಿಟ್ಟವರಿಗೆ ಉಪವಾಸದ ಕಡ್ಡಾಯವಿಲ್ಲ. ರೋಗಿಗಳಿಗೂ ಇಲ್ಲ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು, ಪ್ರಾರ್ಥನಾಕೂಟದಲ್ಲಿ ಯಾರು ಏನೇ ಹೇಳಲಿ. ವೈದ್ಯನನ್ನು ಗೌರವಿಸಬೇಕು, ಮದ್ದು ದೇವರ ಸೃಷ್ಟಿಯೆಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ತಿಳಿಸುತ್ತದೆ. ಅದರ ಹಿಂದಿನ ಅಧ್ಯಾಯದ ಕೊನೆಯಲ್ಲಿ, ಯಾವುದು ನಿನ್ನ ದೇಹಕ್ಕೆ ಆಗುವುದಿಲ್ಲವೆಂದು ನೀನೇ ಪರೀಕ್ಷಿಸಿ ತಿಳಿದುಕೋ, ಹೊಟ್ಟೆಬಾಕತನ ರೋಗ ತರುತ್ತದೆ ಎಂಬ ಬುದ್ಧಿವಾದವಿದೆ. ಮನೆಗೆ ಹೋಗಿ ಬೈಬಲ್ ತೆರೆದು ಓದಿ.

ಇಷ್ಟು ಹೇಳಿದ ಮೇಲೆ ನನ್ನ ತಟ್ಟೆಯನ್ನೂ ತೋರಿಸಬೇಕಲ್ಲವೆ? ಪಾಸ್ಕ ಕಾಲದಲ್ಲಿ ಮನೆ ಆಶೀರ್ವಾದಕ್ಕೆ ಹೋದರೆ ದಿನಕ್ಕೆ ಇಪ್ಪತ್ತು ಮನೆ. ಪ್ರತಿ ಮನೆಯಲ್ಲೂ ಜ್ಯೂಸ್, ಇಲ್ಲವೆ ಕಾಫಿ, ಜೊತೆಗೆ ಕೇಕ್ ತುಂಡು. ಬೇಡವೆಂದರೆ ಮನೆಯಮ್ಮನ ಮುಖ ಬಾಡುತ್ತದೆಂದು ಕುಡಿಯುತ್ತಲೇ ಬಂದೆ. ಹೋದ ವರ್ಷ ರಕ್ತ ಪರೀಕ್ಷೆಯ ಚೀಟಿ ನೋಡಿದ ವೈದ್ಯರು, "ಫಾದರ್, ನೀವೂ ಹೊಸ್ತಿಲಲ್ಲಿದ್ದೀರಿ" ಎಂದರು. ಈಗ ಹೋದ ಮನೆಯಲ್ಲೆಲ್ಲ ನೀರು ಕೇಳುತ್ತೇನೆ. ಮೊದಲು ಬೇಸರಪಟ್ಟವರು ಈಗ ಮಜ್ಜಿಗೆ ಮಾಡಿಡುತ್ತಾರೆ, ಉಪ್ಪು ಕಡಿಮೆ ಹಾಕಿ.

ಈ ಜುಲೈಯಲ್ಲಿ ಬಲಿಪೂಜೆಯ ನಂತರ ಹಿರಿಯರಿಗೆ ಹೆಸರುಕಾಳಿನ ಉಸಲಿ, ಬೇಯಿಸಿದ ಮೊಟ್ಟೆ, ಸೀಬೆಹಣ್ಣು ಕೊಡೋಣವೆಂದು ಮಹಿಳಾ ಸಂಘದವರಿಗೆ ಹೇಳಿದ್ದೇನೆ. ಸಕ್ಕರೆ, ಬಿ.ಪಿ. ನೋಡಲು ಒಂದು ಮೇಜನ್ನೂ ಹಾಕುತ್ತೇವೆ. ಅದು ಹಿರಿಯರಿಗಿಂತ ಹೆಚ್ಚಾಗಿ ಅವರನ್ನು ಕರೆತರುವ ಮೂವತ್ತು ನಲವತ್ತರ ಮಕ್ಕಳಿಗೆ. "ಕೇಕ್ ಇಲ್ಲದೆ ಹಬ್ಬವೇ ಸ್ವಾಮಿ?" ಎಂದು ಸಂಘದ ಹಿರಿಯರೊಬ್ಬರು ಕೇಳಿದರು. ಸಣ್ಣದೊಂದು ಕೇಕ್ ತರಿಸಿ, ತೊಂಬತ್ತು ದಾಟಿದ ನಮ್ಮ ಇಬ್ಬರು ಅಜ್ಜಿಯರ ಕೈಯಿಂದ ಕತ್ತರಿಸಿ, ಎಲ್ಲರಿಗೂ ಬೆರಳಗಲದ ತುಂಡು ಹಂಚುವುದೆಂದು ಕೊನೆಗೆ ಒಪ್ಪಿಗೆಯಾಗಿದೆ.