ಮನೆ ಬಾಗಿಲಿಗೆ ಬಂದ ಅಂಗಿ ಮೈಗೆ ಹೊಂದೀತೇ?

ಸಂಜೆ ಹೊತ್ತು ಮನೆಯ ಮುಂದೆ ಬುಟ್ಟಿ ಇಳಿಸಿದ ಹೂವಾಡಗಿತ್ತಿ ಮೊಳ ಹಾಕುವಾಗ ಮನೆಯೊಡತಿಯ ಕಣ್ಣು ಮಲ್ಲಿಗೆಗಿಂತ ಹೆಚ್ಚಾಗಿ ಆಕೆಯ ಕೈಯ ಮೇಲಿರುತ್ತದೆ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ. ಉದ್ದ ಕೈಯವರ ಮೊಳಕ್ಕೂ ಗಿಡ್ಡ ಕೈಯವರ ಮೊಳಕ್ಕೂ ನಾಲ್ಕಾರು ಹೂವಿನ ವ್ಯತ್ಯಾಸ ಇದ್ದೇ ಇರುತ್ತದೆ. ಹೆಸರು ಒಂದೇ, ಅಳತೆ ಬೇರೆ. ಈ ಸಂಗತಿ ನಮ್ಮ ತಾಯಂದಿರಿಗೆ ಚೆನ್ನಾಗಿ ಗೊತ್ತು. ಆದರೆ ಅದೇ ಮನೆಯಲ್ಲಿ ಮೊಬೈಲ್ ನೋಡಿ ಮಕ್ಕಳಿಗೆ ಅಂಗಿ ತರಿಸುವಾಗ ಈ ಜಾಣತನ ಮರೆತುಹೋಗುತ್ತದೆ. ‘ಎಸ್’, ‘ಎಂ’, ‘ಎಲ್’ ಎಂಬ ಅಕ್ಷರಗಳೂ ಮೊಳದ ಜಾತಿಗೇ ಸೇರಿದವು. ಒಂದೊಂದು ಕಂಪೆನಿಯದು ಒಂದೊಂದು ಕೈ.

ಶಾಲೆ ಆರಂಭವಾಗುವ ದಿನಗಳಲ್ಲಿ, ಹಬ್ಬದ ಮುಂಚೆ, ಈ ದೃಶ್ಯ ಅನೇಕ ಮನೆಗಳಲ್ಲಿ ಕಾಣಸಿಗುತ್ತದೆ. ಪೊಟ್ಟಣ ಬರುತ್ತದೆ. ಮಗ ಉತ್ಸಾಹದಿಂದ ಅಂಗಿ ತೊಟ್ಟರೆ ತೋಳು ಬೆರಳುಗಳನ್ನೇ ಮುಚ್ಚಿಬಿಡುತ್ತದೆ. ಮಗಳ ಕುರ್ತಾದ ಗುಂಡಿಗಳು ಕೂಡುವುದೇ ಇಲ್ಲ. “ಹೋದ ಸಲ ಎಂ ಸರಿಯಾಗಿತ್ತಲ್ಲ!” ಎಂದು ತಂದೆ ಗೊಣಗುತ್ತಾರೆ. ಹದಿಮೂರು ಹದಿನಾಲ್ಕರ ಹುಡುಗಿ ಏನೂ ಹೇಳದೆ ಕನ್ನಡಿಯ ಮುಂದಿನಿಂದ ಸರಿದು ಹೋಗುತ್ತಾಳೆ. ತಾನೇ ದಪ್ಪಗಾದೆನೆಂಬ ಕೊರಗು ಅವಳಿಗೆ. ಹಣ, ಸಮಯ ಹೋದರೆ ಹೇಗೋ ಸರಿಪಡಿಸಬಹುದು. ಬೆಳೆಯುವ ವಯಸ್ಸಿನವರ ಮನಸ್ಸಿನಲ್ಲಿ ತಮ್ಮ ದೇಹದ ಬಗ್ಗೆಯೇ ಅಳುಕು ಮೂಡಿದರೆ ಅದನ್ನು ತೆಗೆಯುವುದು ಸುಲಭವಲ್ಲ. ಆದ್ದರಿಂದ ಆ ಅಕ್ಷರದ ಹಿಂದಿನ ಲೆಕ್ಕವನ್ನು ಮಕ್ಕಳೂ ಪೋಷಕರೂ ಒಟ್ಟಿಗೆ ತಿಳಿದುಕೊಳ್ಳುವುದು ಒಳ್ಳೆಯದು.

ಅಂಚೆಯಲ್ಲಿ ಬಂದ ಬಟ್ಟೆ

ಮನೆಯಲ್ಲೇ ಕುಳಿತು ಬಟ್ಟೆ ಕೊಳ್ಳುವುದು ಮೊಬೈಲ್ ಬಂದ ಮೇಲೆ ಹುಟ್ಟಿದ ಪದ್ಧತಿಯಲ್ಲ. ಬ್ರಿಟನ್ನಿನ ವೇಲ್ಸ್ ಪ್ರಾಂತದ ನ್ಯೂಟೌನ್ ಎಂಬ ಊರಿನಲ್ಲಿ ಪ್ರೈಸ್ ಜೋನ್ಸ್ ಎಂಬ ವ್ಯಾಪಾರಿ 1861ರಲ್ಲೇ ಅಂಚೆಯ ಮೂಲಕ ಫ್ಲಾನೆಲ್ ಬಟ್ಟೆ ಮಾರತೊಡಗಿದ. ಅಮೆರಿಕದ ಶಿಕಾಗೊದಲ್ಲಿ ಆರನ್ ಮಾಂಟ್ಗೊಮೆರಿ ವಾರ್ಡ್ 1872ರಲ್ಲಿ ಬೆಲೆಪಟ್ಟಿಯನ್ನು ಹಳ್ಳಿಗಳಿಗೆ ಕಳಿಸಿ ವ್ಯಾಪಾರ ಆರಂಭಿಸಿದ. ನಮ್ಮಲ್ಲೂ ಹಿರಿಯರು ವಿ.ಪಿ.ಪಿ. ಮೂಲಕ ಸಾಮಾನು ತರಿಸಿ, ಅಂಚೆಯವನ ಕೈಗೆ ಹಣ ಕೊಟ್ಟು ಬಿಡಿಸಿಕೊಂಡದ್ದನ್ನು ನೆನೆಯುತ್ತಾರೆ.

ಸೀರೆ ಅಥವಾ ಪಂಚೆ ತರಿಸಿದರೆ ತಕರಾರಿಲ್ಲ. ಉಡುವವರು ತೆಳ್ಳಗಿರಲಿ, ದಪ್ಪಗಿರಲಿ, ನೆರಿಗೆಯೇ ಎಲ್ಲವನ್ನೂ ಸರಿದೂಗಿಸುತ್ತದೆ. ಕತ್ತರಿಸಿ ಹೊಲಿದ ಉಡುಪಿನ ಕಥೆ ಬೇರೆ. ಅದು ಯಾರದೋ ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಕತ್ತರಿಸಿದ್ದು. ಆ ‘ಯಾರೋ’ ಯಾರು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ನಂಬರು ಹುಟ್ಟಿದ ಬಗೆ

ಅಮೆರಿಕದ ಕೃಷಿ ಇಲಾಖೆ 1939ರಿಂದ 1940ರವರೆಗೆ ಒಂದು ದೊಡ್ಡ ಸಮೀಕ್ಷೆ ನಡೆಸಿತು. ಸುಮಾರು 15,000 ಮಹಿಳೆಯರನ್ನು, ಒಬ್ಬೊಬ್ಬರಿಂದ 59 ಅಳತೆಗಳಂತೆ, ಅಳೆಯಲಾಯಿತು. ಅದರ ವರದಿ 1941ರಲ್ಲಿ ಪ್ರಕಟವಾಯಿತು. ಲೆಕ್ಕಕ್ಕೆ ತೆಗೆದುಕೊಂಡದ್ದು ಬಿಳಿಯ ಮಹಿಳೆಯರನ್ನು ಮಾತ್ರ. ಇಂಥ ಮಾಹಿತಿಯ ಆಧಾರದ ಮೇಲೆ 1958ರಲ್ಲಿ ಅಲ್ಲಿ ಉಡುಪುಗಳ ಅಳತೆಪಟ್ಟಿಯೊಂದು ಹೊರಬಂತು. ಕಂಪೆನಿಗಳು ಅದನ್ನು ಪಾಲಿಸಲೇಬೇಕೆಂಬ ಕಡ್ಡಾಯವಿರಲಿಲ್ಲ. 1983ರಲ್ಲಿ ಸರ್ಕಾರ ಆ ಪಟ್ಟಿಯನ್ನೇ ಹಿಂತೆಗೆದುಕೊಂಡಿತು.

ಮುಂದೆ ನಡೆದದ್ದು ಸ್ವಾರಸ್ಯವಾಗಿದೆ. ಚಿಕ್ಕ ನಂಬರಿನ ಉಡುಪು ಹಿಡಿಸಿತೆಂದರೆ ಕೊಳ್ಳುವವರಿಗೆ ಖುಷಿ. ಇದನ್ನರಿತ ತಯಾರಕರು ಉಡುಪನ್ನು ದೊಡ್ಡದು ಮಾಡುತ್ತಾ ನಂಬರನ್ನು ಹಾಗೆಯೇ ಉಳಿಸಿಕೊಂಡರು. 1958ರ ಅಮೆರಿಕದ ಪಟ್ಟಿಯಲ್ಲಿ 8ನೇ ನಂಬರಿನ ಮಹಿಳೆಯ ಸೊಂಟ 23.5 ಅಂಗುಲ. 1995ರ ಪಟ್ಟಿಯಲ್ಲಿ ಅದೇ 8ನೇ ನಂಬರಿಗೆ ಸೊಂಟ 27 ಅಂಗುಲ! ಮೂರೂವರೆ ಅಂಗುಲ ಹೆಚ್ಚಾದರೂ ನಂಬರು ಮಾತ್ರ ಅಲುಗಲಿಲ್ಲ. ಹೀಗಿರುವಾಗ ನಂಬರನ್ನು ನೋಡಿ ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಅರ್ಥವಿದೆಯೇ?

ಭಾರತೀಯರ ಮೈಕಟ್ಟಿಗೆ ತಕ್ಕ ಅಳತೆಪಟ್ಟಿ ಬೇಕೆಂಬುದು ಬಹಳ ದಿನಗಳ ಬೇಡಿಕೆ. ಹೊರದೇಶಗಳ ಪಟ್ಟಿಗಳನ್ನೇ ಅಲ್ಪಸ್ವಲ್ಪ ತಿದ್ದಿ ಬಳಸುವುದು ಇಲ್ಲಿ ರೂಢಿಯಾಗಿತ್ತು. ಇದಕ್ಕಾಗಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ‘ಇಂಡಿಯಾಸೈಜ್’ ಎಂಬ ಯೋಜನೆ ರೂಪಿಸಿತು. 15ರಿಂದ 65 ವರ್ಷದೊಳಗಿನ 25,000 ಸ್ತ್ರೀಪುರುಷರ ಮೈಯಳತೆಯನ್ನು, ಟೇಪು ಮುಟ್ಟಿಸದೆ, ಬೆಳಕು ಹಾಯಿಸಿ ಮೂರು ಆಯಾಮಗಳಲ್ಲಿ ದಾಖಲಿಸುವ ಯಂತ್ರದಿಂದ ಪಡೆಯುವುದು ಅದರ ಉದ್ದೇಶ. ಯೋಜನೆಗೆ ಆರಿಸಿದ ಆರು ನಗರಗಳಲ್ಲಿ ನಮ್ಮ ಬೆಂಗಳೂರೂ ಸೇರಿತ್ತು.

ಒಂದು ಸೆಂಟಿಮೀಟರಿನ ಮಹಿಮೆ

ಮಾರಾಟದ ಪುಟದಲ್ಲಿ ಚಿತ್ರದ ಕೆಳಗೆ ಅಳತೆಪಟ್ಟಿ ಇರುತ್ತದೆ. ಹೆಚ್ಚಿನವರು ಅದನ್ನು ತೆರೆದು ನೋಡುವುದಿಲ್ಲ. ನೋಡಿದವರಲ್ಲೂ ಹಲವರು ಎಡವುವುದು ಒಂದೇ ಕಡೆ. ಪಟ್ಟಿಗಳಲ್ಲಿ ಎರಡು ಬಗೆ. ಒಂದು, ತೊಡುವವರ ಮೈಯ ಅಳತೆ. ಇನ್ನೊಂದು, ಹೊಲಿದ ಉಡುಪಿನ ಅಳತೆ. ಇವೆರಡರ ನಡುವಿನ ವ್ಯತ್ಯಾಸವೇ ನಾವು ಕೈಯಾಡಿಸಲು, ಉಸಿರಾಡಲು, ಬೆಂಚಿನ ಮೇಲೆ ಕೂರಲು ಬೇಕಾದ ಸಡಿಲ.

ಈ ಸಡಿಲ ಎಷ್ಟಿರಬೇಕು? ಪ್ರೌಢಶಾಲೆಯ ಗಣಿತವೇ ಇಲ್ಲಿ ಸಾಕು. ವೃತ್ತದ ಸುತ್ತಳತೆ ಎಂದರೆ ತ್ರಿಜ್ಯದ 2π ಪಟ್ಟು. ಅಂಗಿ ಮೈಯಿಂದ ಸುತ್ತಲೂ ಒಂದೇ ಒಂದು ಸೆಂ.ಮೀ. ದೂರ ನಿಲ್ಲಬೇಕಾದರೆ ಅದರ ಸುತ್ತಳತೆ 6.28 ಸೆಂ.ಮೀ., ಅಂದರೆ ಸುಮಾರು ಎರಡೂವರೆ ಅಂಗುಲ ಹೆಚ್ಚಿರಬೇಕು. ಸೋಜಿಗವೆಂದರೆ, ತೆಳ್ಳಗಿನ ಹುಡುಗನಿಗೂ ಮೈಕೈ ತುಂಬಿಕೊಂಡ ತಂದೆಗೂ ಬೇಕಾಗುವ ಹೆಚ್ಚುವರಿ ಅಷ್ಟೇ. ಮೈ ಪೂರ್ಣ ವೃತ್ತವಲ್ಲ ನಿಜ, ಆದರೂ ಅಂದಾಜಿಗೆ ಈ ಲೆಕ್ಕ ಸಾಕು. ನೇಯ್ದ ಬಟ್ಟೆಯ ಶರಟಿಗೆ ಎದೆಯ ಸುತ್ತ 10 ಸೆಂ.ಮೀ. ಸಡಿಲ ಬಿಟ್ಟರೆ ಮೈಗೂ ಬಟ್ಟೆಗೂ ನಡುವೆ ಒಂದೂವರೆ ಸೆಂ.ಮೀ.ಗಿಂತ ತುಸು ಹೆಚ್ಚು ಜಾಗ ಸಿಗುತ್ತದೆ.

ಈಗ ಒಂದು ಉದಾಹರಣೆ. ಹುಡುಗನ ಎದೆ 86 ಸೆಂ.ಮೀ. ಪಟ್ಟಿಯಲ್ಲಿ ‘ಎದೆ 96’ ಎಂದಿದೆ. ಅದು ಉಡುಪಿನ ಅಳತೆಯಾದರೆ ಅಂಗಿ ಅವನಿಗೆ ಹೇಳಿ ಮಾಡಿಸಿದಂತಿರುತ್ತದೆ. ಮೈಯ ಅಳತೆಯಾದರೆ ಅಂಗಿಯ ನಿಜವಾದ ಸುತ್ತಳತೆ 106ರ ಹತ್ತಿರ ಬಂದು, ಗೂಟಕ್ಕೆ ನೇತುಹಾಕಿದಂತೆ ಕಾಣುತ್ತದೆ. ಹಿಗ್ಗುವ ಹೆಣಿಗೆ ಬಟ್ಟೆಯ ಬನಿಯನ್ನು, ಟೀ ಶರಟುಗಳಿಗೆ ಇಷ್ಟು ಸಡಿಲ ಬೇಡ. ಅಂಗುಲವೋ ಸೆಂ.ಮೀ.ಯೋ ಎಂಬುದನ್ನೂ ನೋಡಿಕೊಳ್ಳಬೇಕು. ಒಂದು ಅಂಗುಲಕ್ಕೆ 2.54 ಸೆಂ.ಮೀ.

ಅಳತೆ ರವಿಕೆಯ ಪಾಠ

ನಮ್ಮ ಮಹಿಳೆಯರು ದರ್ಜಿಯ ಬಳಿಗೆ ಹೋಗುವಾಗ ಹೊಸ ಬಟ್ಟೆಯ ಜೊತೆಗೆ ಒಂದು ಹಳೆಯ ‘ಅಳತೆ ರವಿಕೆ’ ಒಯ್ಯುತ್ತಾರೆ. ಮೈಗೆ ಸರಿಯಾಗಿ ಕೂತ ರವಿಕೆಗಿಂತ ಉತ್ತಮ ಅಳತೆ ಬೇರಿಲ್ಲವೆಂಬುದು ಅನುಭವದ ಮಾತು. ಮನೆಯಿಂದಲೇ ಕೊಳ್ಳುವಾಗಲೂ ಈ ಉಪಾಯ ಬಹಳ ಚೆನ್ನಾಗಿ ನಡೆಯುತ್ತದೆ. ಮಗುವಿಗೆ ಈಗ ಚೆನ್ನಾಗಿ ಹೊಂದುವ ಅಂಗಿಯೊಂದನ್ನು ಗುಂಡಿ ಹಾಕಿ, ನೆಲದ ಮೇಲೆ ಸುಕ್ಕಿಲ್ಲದಂತೆ ಹರಡಿ. ಒಂದು ಕಂಕುಳಿನ ಹೊಲಿಗೆಯಿಂದ ಇನ್ನೊಂದರವರೆಗೆ ಅಳೆದು ಎರಡರಿಂದ ಗುಣಿಸಿ. 48 ಸೆಂ.ಮೀ. ಬಂದರೆ ಸುತ್ತಳತೆ 96. ಭುಜದ ಹೊಲಿಗೆಯಿಂದ ಹೊಲಿಗೆಗೆ ಅಗಲ, ಕಾಲರಿನ ಕೆಳಗಿನಿಂದ ಅಂಚಿನವರೆಗೆ ಉದ್ದ, ತೋಳಿನ ಉದ್ದ ಬರೆದುಕೊಳ್ಳಿ. ಪ್ಯಾಂಟಿಗೆ ಸೊಂಟ, ಕಾಲಿನ ಒಳಭಾಗದ ಉದ್ದ ಸಾಕು. ಈ ಅಂಕಿಗಳನ್ನು ಉಡುಪಿನ ಅಳತೆಯ ಪಟ್ಟಿಯೊಂದಿಗೆ ಹೋಲಿಸಬೇಕು.

ಮೈಯ ಅಳತೆಯೇ ಬೇಕಾದಾಗ ಇನ್ನೊಬ್ಬರ ಕೈಯಲ್ಲಿ ಅಳೆಸಬೇಕು. ಟೇಪು ನೆಲಕ್ಕೆ ಸಮಾನಾಂತರವಾಗಿರಲಿ. ಕಂಬಕ್ಕೆ ಓರೆಯಾಗಿ ಸುತ್ತಿದ ಹಗ್ಗ ನೇರವಾಗಿ ಸುತ್ತಿದ್ದಕ್ಕಿಂತ ಉದ್ದ ಬೇಡುವಂತೆ, ಬೆನ್ನಿನ ಕಡೆ ಜಾರಿದ ಟೇಪು ಹೆಚ್ಚಿನ ಅಳತೆ ತೋರಿಸುತ್ತದೆ. ಎದೆಯುಬ್ಬಿಸುವುದು, ಹೊಟ್ಟೆ ಎಳೆದುಕೊಳ್ಳುವುದು ಬೇಡ. ಮೂರು ಸಲ ಅಳೆದು ಸರಾಸರಿ ತೆಗೆದರೆ ತಪ್ಪು ಕಡಿಮೆಯಾಗುತ್ತದೆ. ಪ್ರಯೋಗಶಾಲೆಯಲ್ಲಿ ಮಾಡುವುದೂ ಇದನ್ನೇ. ಹಳೆಯ ಬಟ್ಟೆಯ ಟೇಪು ಎಳೆದೆಳೆದು ಉದ್ದವಾಗಿರಬಹುದು. ಅದನ್ನು ಮೊದಲು ಸ್ಟೀಲ್ ಸ್ಕೇಲಿನ ಪಕ್ಕದಲ್ಲಿಟ್ಟು ಪರೀಕ್ಷಿಸಿ.

ನೀರು ಬಿದ್ದ ಮೇಲೆ

ಬಂದ ದಿನ ಸರಿಯಾಗಿದ್ದ ಹತ್ತಿಯ ಅಂಗಿ ಮೊದಲ ಒಗೆತಕ್ಕೇ ಮೇಲೇರುವುದುಂಟು. ನೇಯುವಾಗ, ಬಣ್ಣ ಹಾಕುವಾಗ ನೂಲನ್ನು ಎಳೆದು ಬಿಗಿಯಾಗಿ ಹಿಡಿದಿರುತ್ತಾರೆ. ಒಗೆಯುವಾಗ ನೀರು ಕುಡಿದ ಎಳೆಗಳು ಉಬ್ಬಿ, ಆ ಬಿಗಿತ ಸಡಿಲಗೊಂಡು, ನೂಲು ತನ್ನ ಸಹಜ ಉದ್ದಕ್ಕೆ ಹಿಂದಿರುಗುತ್ತದೆ. 70 ಸೆಂ.ಮೀ. ಉದ್ದದ ಅಂಗಿ ನೂರಕ್ಕೆ ಐದರಷ್ಟು ಕುಗ್ಗಿದರೆ ಮೂರೂವರೆ ಸೆಂ.ಮೀ. ಹೋಯಿತು. ಬಟ್ಟೆಯನ್ನು ಕಾರ್ಖಾನೆಯಲ್ಲೇ ಯಂತ್ರದಿಂದ ಮೊದಲೇ ಕುಗ್ಗಿಸಿಬಿಡುವ ವಿಧಾನಕ್ಕೆ ಅಮೆರಿಕದ ಸ್ಯಾನ್‌ಫರ್ಡ್ ಕ್ಲುಯೆಟ್ 1930ರಲ್ಲಿ ಪೇಟೆಂಟ್ ಪಡೆದ. ‘ಸ್ಯಾನ್‌ಫೊರೈಸ್ಡ್’ ಎಂಬ ಪದ ಅವನ ಹೆಸರಿನಿಂದಲೇ ಬಂದದ್ದು. ಹಾಗೆ ಕುಗ್ಗಿಸಿದ್ದೆಂಬ ಮಾತು ವಿವರಣೆಯಲ್ಲಿ ಇಲ್ಲದಿದ್ದರೆ ಹತ್ತಿಯ ಬಟ್ಟೆಯ ಉದ್ದದಲ್ಲಿ ಸ್ವಲ್ಪ ಉದಾರವಾಗಿರಬೇಕು.

ಬೆಳೆಯುವ ಮಕ್ಕಳು

ಮಕ್ಕಳ ಉಡುಪಿನ ಮೇಲೆ ‘13–14 ವರ್ಷ’ ಎಂದು ಬರೆದಿರುತ್ತದೆ. ಎಂಟನೆಯ ತರಗತಿಯ ಸಾಲನ್ನು ನೋಡಿದರೆ ಸಾಕು, ಒಂದೇ ವಯಸ್ಸಿನ ಇಬ್ಬರ ನಡುವೆ ಒಂದು ಗೇಣು ಎತ್ತರದ ಅಂತರ ಇರುವುದು ಕಾಣುತ್ತದೆ. ಹುಡುಗಿಯರು ಸಾಮಾನ್ಯವಾಗಿ ಹನ್ನೊಂದು ಹನ್ನೆರಡರಲ್ಲಿ, ಹುಡುಗರು ಹದಿಮೂರು ಹದಿನಾಲ್ಕರಲ್ಲಿ ಅತಿ ವೇಗವಾಗಿ ಬೆಳೆಯುತ್ತಾರೆ. ಕೆಲವರಿಗೆ ಇದು ಬೇಗ, ಕೆಲವರಿಗೆ ತಡ, ಎರಡೂ ಸಹಜವೇ. ಆದ್ದರಿಂದ ವಯಸ್ಸಿಗಿಂತ ಎತ್ತರ ಮತ್ತು ಎದೆಯ ಅಳತೆ ನಂಬಲರ್ಹ.

“ಬೆಳೆಯುವ ಹುಡುಗ, ಎರಡು ಸೈಜು ದೊಡ್ಡದೇ ಇರಲಿ” ಎಂಬ ಮಾತಿಗೂ ಲೆಕ್ಕ ಹಾಕಬಹುದು. ವೇಗದ ಬೆಳವಣಿಗೆಯ ವರ್ಷದಲ್ಲಿ ಹುಡುಗ 9 ಸೆಂ.ಮೀ.ನಷ್ಟು ಎತ್ತರವಾದರೆ, ಸರಿಸುಮಾರು ಅದರ ಅರ್ಧದಷ್ಟು ಕಾಲಿನ ಪಾಲು. ಅಂದರೆ ಪ್ಯಾಂಟಿನ ಕೆಳಗೆ ನಾಲ್ಕೈದು ಸೆಂ.ಮೀ. ಒಳಮಡಿಕೆ ಇದ್ದರೆ ಒಂದು ವರ್ಷ ನಿಶ್ಚಿಂತೆ. ಉದ್ದ, ಸೊಂಟಗಳನ್ನು ಬೀದಿಯ ದರ್ಜಿ ಸುಲಭವಾಗಿ ತಿದ್ದಿಕೊಡುತ್ತಾನೆ. ಭುಜವನ್ನು ತಿದ್ದಬೇಕಾದರೆ ತೋಳನ್ನೇ ಬಿಚ್ಚಬೇಕು. ಹಾಗಾಗಿ ಎರಡು ಸೈಜುಗಳ ನಡುವೆ ಅನುಮಾನ ಬಂದಾಗ ಭುಜಕ್ಕೆ ಹೊಂದುವುದನ್ನೇ ಆರಿಸಬೇಕು. ಪೊಟ್ಟಣ ಬಂದೊಡನೆ ಚೀಟಿ ಕೀಳದೆ, ಒಗೆಯದೆ, ಒಮ್ಮೆ ತೊಟ್ಟು, ಕೈಯೆತ್ತಿ, ಕುಳಿತು ನೋಡಿದರೆ ಹಿಂದಿರುಗಿಸುವ ದಾರಿಯೂ ತೆರೆದಿರುತ್ತದೆ.

ರಜೆಯಲ್ಲಿ ಮಕ್ಕಳು ಮನೆಯಲ್ಲೇ ಮಾಡಬಹುದಾದ ಒಂದು ಪ್ರಯೋಗವಿದೆ. ಬೇರೆ ಬೇರೆ ಕಂಪೆನಿಗಳ, ಒಂದೇ ಅಕ್ಷರ ಹೊತ್ತ ನಾಲ್ಕು ಅಂಗಿಗಳನ್ನು ಮನೆಮಂದಿಯಿಂದ ಕೂಡಿಹಾಕಿ, ಕಂಕುಳಿನಿಂದ ಕಂಕುಳಿಗೆ ಅಳೆದು, ಕೋಷ್ಟಕ ಬರೆಯಬೇಕು. ವ್ಯತ್ಯಾಸ ಎಷ್ಟೆಂದು ಅವರೇ ಕಾಣುತ್ತಾರೆ. ಅದೇ ಪುಟದ ಕೆಳಗೆ ತಮ್ಮ ಎತ್ತರ, ಎದೆ, ಸೊಂಟದ ಅಳತೆಗಳನ್ನು ದಿನಾಂಕ ಸಹಿತ ಬರೆದಿಟ್ಟು, ಆರು ತಿಂಗಳಿಗೊಮ್ಮೆ ಹೊಸದಾಗಿ ಸೇರಿಸುತ್ತಾ ಹೋದರೆ ಅದು ಅವರ ಬೆಳವಣಿಗೆಯ ದಾಖಲೆಯೂ ಆಗುತ್ತದೆ.

ಮನುಷ್ಯನದು ಎಂಟು ಗೇಣಿನ ದೇಹ ಎನ್ನುವುದು ನಮ್ಮ ಹಿರಿಯರ ಮಾತು. ಎಂಟು ಗೇಣು ಯಾರ ಕೈಯಲ್ಲಿ? ಅವರವರ ಕೈಯಲ್ಲೇ. ಗಿಡ್ಡನೂ ತನ್ನ ಗೇಣಿನಲ್ಲಿ ಎಂಟು, ಎತ್ತರದವನೂ ತನ್ನ ಗೇಣಿನಲ್ಲಿ ಎಂಟು. ಅಂಗಿ ಹಿಡಿಸದೆ ಬೇಸರದಿಂದ ಕನ್ನಡಿಯ ಮುಂದಿನಿಂದ ಸರಿದ ಹುಡುಗಿಗೆ ತಾಯಿ ಇದನ್ನು ಹೇಳಿ, ಕೈಗೊಂದು ಟೇಪು ಕೊಟ್ಟರೆ ಸಾಕು. ಅಕ್ಷರವಿರುವುದು ಅಂಗಿಯ ಕಾಲರಿನಲ್ಲಿ. ತಪ್ಪಿದ್ದರೆ ಅದೂ ಅಲ್ಲಿಯೇ.