ಪತ್ನಿಯ ಹೆಸರಿನ ಠೇವಣಿ: ತೆರಿಗೆ ಯಾರ ಲೆಕ್ಕಕ್ಕೆ?

ವರ್ತಕರಲ್ಲಿ ಬಹುಮಂದಿಗೆ ಪಿಂಚಣಿಯಿಲ್ಲ. ಅಂಗಡಿಯನ್ನು ಮಕ್ಕಳಿಗೆ ಒಪ್ಪಿಸಿದ ಮೇಲೆ ಕಟ್ಟಡದ ಬಾಡಿಗೆ, ಠೇವಣಿಯ ಬಡ್ಡಿ ಹಾಗೂ ಸಂಸ್ಥೆಯಲ್ಲಿ ಉಳಿಸಿದ ಬಂಡವಾಳದ ಬಡ್ಡಿಯೇ ದಂಪತಿಗಳ ಜೀವನಾಧಾರ. ಇವೆಲ್ಲವೂ ಸಾಮಾನ್ಯವಾಗಿ ಪತಿಯ ಹೆಸರಿನಲ್ಲಿಯೇ ಇರುತ್ತವೆ. ತೊಂದರೆ ಆರಂಭವಾಗುವುದು ಇಲ್ಲಿಂದ.

ನಮ್ಮ ಕಾನೂನಿನಲ್ಲಿ ಪತಿ ಪತ್ನಿಯರು ಪ್ರತ್ಯೇಕ ತೆರಿಗೆದಾರರು. ಅಮೆರಿಕದಲ್ಲಿರುವಂತೆ ಜಂಟಿ ವಿವರಣೆ ಸಲ್ಲಿಸುವ ಪದ್ಧತಿ ಇಲ್ಲಿಲ್ಲ. 2025-26ನೇ ಆರ್ಥಿಕ ವರ್ಷದಲ್ಲಿ ಹೊಸ ತೆರಿಗೆ ಪದ್ಧತಿಯಡಿ 12 ಲಕ್ಷ ರೂ.ವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯಿಂದಾಗಿ ತೆರಿಗೆಯೇ ಬರುವುದಿಲ್ಲ. ಈ ಸೌಲಭ್ಯ ಇಬ್ಬರಿಗೂ ಬೇರೆಬೇರೆಯಾಗಿ ಲಭ್ಯ. ಹಾಗಾದರೆ ಅರ್ಧ ಹಣವನ್ನು ಪತ್ನಿಯ ಖಾತೆಗೆ ವರ್ಗಾಯಿಸಿದರೆ ಸಾಕಲ್ಲವೇ ಎಂಬುದು ಸಹಜವಾದ ಪ್ರಶ್ನೆ. ಸಾಲದು. ಸೂಕ್ತ ಪ್ರತಿಫಲವಿಲ್ಲದೆ ಪತ್ನಿಗೆ ವರ್ಗಾಯಿಸಿದ ಸ್ವತ್ತಿನ ಆದಾಯವನ್ನು ಪತಿಯ ಆದಾಯಕ್ಕೆ ಸೇರಿಸತಕ್ಕದ್ದೆಂದು 1961ರ ಕಾಯ್ದೆಯ 64ನೇ ಕಲಂ ವಿಧಿಸಿತ್ತು. 2025ರ ಹೊಸ ಕಾಯ್ದೆಯಲ್ಲಿಯೂ ಈ ತತ್ವ ಮುಂದುವರಿದಿದೆ. ದಾನಕ್ಕೆ ತೆರಿಗೆಯಿಲ್ಲ, ದಾನದಿಂದ ಹುಟ್ಟಿದ ಬಡ್ಡಿಗೆ ತೆರಿಗೆಯಿದೆ.

ಒಂದು ಲೆಕ್ಕ ನೋಡೋಣ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷ ರೂ.ವರೆಗೆ ಇಡಬಹುದು, 2023ಕ್ಕೆ ಮುನ್ನ ಈ ಮಿತಿ 15 ಲಕ್ಷವಿತ್ತು. 2025-26ರ ಶೇ. 8.2ರ ದರದಲ್ಲಿ ವರ್ಷಕ್ಕೆ 2,46,000 ರೂ. ಬಡ್ಡಿ. ಅರವತ್ತು ದಾಟಿದ ದಂಪತಿಗಳು ತಲಾ 30 ಲಕ್ಷ ಇಟ್ಟಿದ್ದಾರೆ, ಪತ್ನಿಯ ಹಣವೂ ಪತಿ ಕೊಟ್ಟದ್ದೇ ಎಂದು ಭಾವಿಸಿ. ಪತಿಗೆ ತಿಂಗಳಿಗೆ 60,000 ರೂ. ಬಾಡಿಗೆಯಿದ್ದರೆ ಶೇ. 30ರ ಕಡಿತದ ಬಳಿಕ ವರ್ಷಕ್ಕೆ 5,04,000. ಪಾಲುದಾರಿಕೆ ಬಂಡವಾಳದ ಬಡ್ಡಿ 3,00,000. ತನ್ನ ಠೇವಣಿಯ ಬಡ್ಡಿ ಸೇರಿ 10,50,000 ರೂ. ಇಷ್ಟಕ್ಕೇ ನಿಂತಿದ್ದರೆ ತೆರಿಗೆ ಶೂನ್ಯ. ಪತ್ನಿಯ ಬಡ್ಡಿಯನ್ನೂ ಸೇರಿಸಿದಾಗ ಮೊತ್ತ 12,96,000 ಆಗಿ, ಸೆಸ್ ಸಹಿತ 77,376 ರೂ. ತೆರಿಗೆ ಬೀಳುತ್ತದೆ. ಪತ್ನಿಯ ಠೇವಣಿ ಆಕೆಯ ಸ್ವಂತದ್ದೇ ಆಗಿದ್ದರೆ ಇಬ್ಬರಿಗೂ ತೆರಿಗೆಯಿಲ್ಲ.

ಸ್ವಂತದ್ದೆಂದರೆ ಯಾವುದು? ತವರಿನಿಂದ ಬಂದ ಆಸ್ತಿ, ವಿವಾಹಕ್ಕೆ ಮೊದಲೇ ದೊರೆತ ಉಡುಗೊರೆ, ಆಕೆಯ ದುಡಿಮೆ. ಇಲ್ಲೊಂದು ಎಚ್ಚರಿಕೆ ಬೇಕು. ಪತಿಗೆ ಗಣನೀಯ ಹಿತಾಸಕ್ತಿಯಿರುವ ಸಂಸ್ಥೆಯಿಂದ ಪತ್ನಿಗೆ ಸಂಬಳ ಕೊಟ್ಟರೆ ಅದೂ ಪತಿಯ ಆದಾಯಕ್ಕೇ ಸೇರುತ್ತದೆ. ಆಕೆಗೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಯಿದ್ದು ಆ ಜ್ಞಾನ, ಅನುಭವದಿಂದಲೇ ಗಳಿಸಿದ್ದಾದರೆ ಮಾತ್ರ ವಿನಾಯಿತಿ. ಹಲವು ವರ್ಷ ಗಲ್ಲಾಪೆಟ್ಟಿಗೆಯ ಬಳಿ ಕುಳಿತ ಗೃಹಿಣಿಗೆ ಇದು ನ್ಯಾಯವೇ ಎಂಬ ಪ್ರಶ್ನೆ ಏಳುವುದು ಸಹಜವಾದರೂ, ನಿಯಮ ಅದೇ ಇದೆ.

ದಾರಿಗಳಿಲ್ಲವೆಂದಲ್ಲ. ದಾನದ ಹಣದಿಂದ ಬಂದ ಬಡ್ಡಿಯನ್ನು ಪತ್ನಿ ಮತ್ತೆ ತೊಡಗಿಸಿದರೆ, ಆ ಎರಡನೆಯ ಸುತ್ತಿನ ಆದಾಯ ಆಕೆಯದೇ. ಆದಕಾರಣ ಬಡ್ಡಿ ಜಮೆಯಾಗಲು ಬೇರೆಯೇ ಖಾತೆ ತೆರೆದಿಡುವುದು ಲೇಸು. ಪತ್ನಿಯ ಸಾರ್ವಜನಿಕ ಭವಿಷ್ಯ ನಿಧಿಗೆ ಪತಿ ವರ್ಷಕ್ಕೆ 1.5 ಲಕ್ಷ ರೂ.ವರೆಗೆ ಕಟ್ಟಿಸಬಹುದು, ಅದರ ಬಡ್ಡಿಗೆ ತೆರಿಗೆಯೇ ಇಲ್ಲವಾದ್ದರಿಂದ ಸೇರ್ಪಡೆಯಿಂದ ಬಾಧಕವಿಲ್ಲ. ಆದರೆ ಅದು 15 ವರ್ಷಗಳ ಖಾತೆ. ನಲವತ್ತೈದರ ವಯಸ್ಸಿನಲ್ಲಿ ಆರಂಭಿಸಿದವರಿಗೆ ಅರವತ್ತಕ್ಕೆ ಕೈಗೆ ಬರುತ್ತದೆ. ಪತ್ನಿಗೆ ಬಡ್ಡಿಗೆ ಸಾಲ ಕೊಡುವ ಉಪಾಯವೂ ಉಂಟು. ಆ ಬಡ್ಡಿಗೆ ಪತಿಯೇ ತೆರಿಗೆ ತೆರಬೇಕಾಗುವುದರಿಂದ ಉಳಿತಾಯ ಅಲ್ಪ, ಕಾಗದಪತ್ರ ಬಹಳ.

ಜಂಟಿ ಖಾತೆಯ ಬಗ್ಗೆಯೂ ತಪ್ಪು ತಿಳಿವಳಿಕೆಯಿದೆ. ಹಿರಿಯ ನಾಗರಿಕರ ಯೋಜನೆಯ ಜಂಟಿ ಖಾತೆಯಲ್ಲಿ ಪೂರ್ಣ ಠೇವಣಿ ಮೊದಲ ಹೆಸರಿನವರದೆಂದೇ ಪರಿಗಣಿತವಾಗುತ್ತದೆ.

ವ್ಯಾಪಾರದ ಆದಾಯವಿಲ್ಲದ ಅರವತ್ತು ದಾಟಿದ ನಿವಾಸಿಗಳಿಗೆ ಮುಂಗಡ ತೆರಿಗೆಯ ಹೊಣೆಯಿಲ್ಲ. ಆದರೆ ಪಾಲುದಾರಿಕೆಯಿಂದ ಬರುವ ಬಂಡವಾಳದ ಬಡ್ಡಿ, ಸಂಭಾವನೆಗಳು ವ್ಯಾಪಾರದ ಆದಾಯವೇ. ಮೇಲಿನ ಉದಾಹರಣೆಯ ಪತಿ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದ್ದರೂ ಮುಂಗಡ ತೆರಿಗೆಯ ಕಂತುಗಳನ್ನು ಕಟ್ಟಲೇಬೇಕು. ತಪ್ಪಿದರೆ ಬಡ್ಡಿ ಬೀಳುತ್ತದೆ. ಹೊಸ, ಹಳೆಯ ಪದ್ಧತಿಗಳ ನಡುವೆ ಪ್ರತಿ ವರ್ಷ ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯವೂ ಆತನಿಗಿಲ್ಲ. ಬಂಡವಾಳವನ್ನು ಹಿಂತೆಗೆದು ಪೂರ್ಣವಾಗಿ ನಿವೃತ್ತರಾಗುವುದೋ, ಪಾಲುದಾರರಾಗಿಯೇ ಉಳಿಯುವುದೋ ಎಂಬುದನ್ನು ನಿರ್ಧರಿಸುವಾಗ ಲೆಕ್ಕ ಪರಿಶೋಧಕರೊಡನೆ ಈ ಅಂಶವನ್ನು ಚರ್ಚಿಸತಕ್ಕದ್ದು.